ಮುರಿಯಲೆಂದೇ ಮಾಡಿದ ತುಂಡು

ಗೇರ್ ಇರುವ ಮೌಂಟನ್ ಬೈಕಿನ ಹಿಂದಿನ ಚಕ್ರದ ಪಕ್ಕದಲ್ಲಿ ಅಲ್ಯೂಮಿನಿಯಮ್ಮಿನ ಒಂದು ಪುಟ್ಟ ತುಂಡಿರುತ್ತದೆ. ಅದನ್ನು ಹ್ಯಾಂಗರ್ ಎನ್ನುತ್ತಾರೆ. ಉದ್ದ ಹೆಚ್ಚುಕಡಿಮೆ ಹೆಬ್ಬೆರಳಿನಷ್ಟು. ಚೈನನ್ನು ಒಂದು ಗೇರಿನಿಂದ ಇನ್ನೊಂದಕ್ಕೆ ದಾಟಿಸುವ ಡಿರೇಲರನ್ನು ಸೈಕಲ್ಲಿನ ಚೌಕಟ್ಟಿಗೆ ತಗುಲಿಸುವುದು ಇದರ ಕೆಲಸ. ಅಷ್ಟೇ ಆಗಿದ್ದರೆ ಡಿರೇಲರನ್ನು ನೇರವಾಗಿ ಚೌಕಟ್ಟಿಗೇ ಬಿಗಿಯಬಹುದಿತ್ತು. ನಡುವೆ ಈ ತುಂಡನ್ನು ಇಟ್ಟಿರುವುದು ಅದು ಮುರಿಯಲಿ ಎಂದು. ಸೈಕಲ್ ಬಲಮಗ್ಗುಲಿಗೆ ಬಿದ್ದಾಗ, ಡಿರೇಲರ್ ಬಂಡೆಗೆ ಬಡಿದಾಗ, ಮೊದಲು ಬಾಗಬೇಕಾದದ್ದು ಅದು. ಅದು ಹೋದರೆ ಚೌಕಟ್ಟು ಉಳಿಯುತ್ತದೆ. ಚೌಕಟ್ಟು ಸಾವಿರಗಟ್ಟಲೆ ರೂಪಾಯಿಯದು, ಹ್ಯಾಂಗರ್ ಕೆಲವು ನೂರರದು.

ಸೈಕಲ್ಲಿನ ಬೇರೆ ಯಾವ ಭಾಗವನ್ನು ಕುರಿತೂ 'ಇದಕ್ಕಿಂತ ಗಟ್ಟಿಯಾದದ್ದು ಸಿಗುತ್ತದೆಯೇ' ಎಂದು ಕೇಳಬಹುದು. ಹ್ಯಾಂಗರಿನ ವಿಷಯದಲ್ಲಿ ಆ ಪ್ರಶ್ನೆಯೇ ತಲೆಕೆಳಗು. ಅದನ್ನು ಗಟ್ಟಿ ಮಾಡಿದರೆ ಸೈಕಲ್ ಕೆಡುತ್ತದೆ. ಅದರ ದೌರ್ಬಲ್ಯವೇ ಅದರ ಗುಣ. ಈ ಸಣ್ಣ ಸಂಗತಿ ನನ್ನನ್ನು ಎರಡು ವರ್ಷಗಳಿಂದ ಕಾಡುತ್ತಿದೆ. ಯಂತ್ರದಲ್ಲಿ ಇದು ಜಾಣತನ, ಅನುಮಾನವಿಲ್ಲ. ಮನುಷ್ಯರ ನಡುವೆ ಇದೇ ಜಾಣತನವನ್ನು ನಡೆಸಿದರೆ ಅದಕ್ಕೆ ಏನೆನ್ನಬೇಕು?

ಮೊದಲು ಸೈಕಲ್ಲಿನ ಮಾತು. ನಾನು ಸಂಡೂರು ತಾಲ್ಲೂಕಿನ ಬಂಡ್ರಿಯವನು. ಪಿಎಚ್.ಡಿ.ಗೆ ಆರಿಸಿಕೊಂಡದ್ದು ನಮ್ಮ ಭಾಗದ ಕಸುಬುಗಳ ಪದಗಳನ್ನು. ಬಡಗಿ, ಕಮ್ಮಾರ, ಬಂಡಿ ಕಟ್ಟುವವರು, ಚಪ್ಪಲಿ ಹೊಲಿಯುವವರು ತಮ್ಮ ಸಾಮಾನುಗಳನ್ನು ಏನೆಂದು ಕರೆಯುತ್ತಾರೆ ಎಂಬುದನ್ನು. ಇದಕ್ಕಾಗಿ ಹಳ್ಳಿ ತಾಂಡಾಗಳನ್ನು ಸುತ್ತಬೇಕು. ಬಸ್ಸು ಹೋಗುವ ಕಡೆ ಪದಗಳು ಆಗಲೇ ಬಸ್ಸು ಹತ್ತಿ ಹೋಗಿರುತ್ತವೆ, ಉಳಿದಿರುವುದು ಬಸ್ಸು ಹೋಗದ ಕಡೆ. ಬೈಕಿನ ಪೆಟ್ರೋಲಿಗೆ ಫೆಲೋಶಿಪ್ ಹಣ ಸಾಲದು, ಬರೀ ಸೈಕಲ್ಲಿನಲ್ಲಿ ಸಂಡೂರಿನ ಗುಡ್ಡ ಹತ್ತಿ ಇಳಿದು ಮತ್ತೆ ಕೂತು ಟಿಪ್ಪಣಿ ಬರೆಯುವ ಕಸುವು ನನಗಿಲ್ಲ. ಹಾಗಾಗಿ ಬೆಂಗಳೂರಿನಲ್ಲಿ ಒಬ್ಬರು ಬಳಸಿ ಬಿಟ್ಟ ಎಲೆಕ್ಟ್ರಿಕ್ ಮೌಂಟನ್ ಬೈಕನ್ನು ಕೊಂಡೆ. ಹಿಂದಿನ ಚಕ್ರದ ಹಬ್ಬಿನಲ್ಲೇ 250 ವ್ಯಾಟಿನ ಮೋಟಾರು, 36 ವೋಲ್ಟ್ 10 ಆಂಪಿಯರ್-ಅವರಿನ ಬ್ಯಾಟರಿ, ಅಂದರೆ 360 ವ್ಯಾಟ್-ಅವರ್. ತುಳಿದರೆ ಮೋಟಾರು ಕೈ ಕೂಡಿಸುತ್ತದೆ, ನಿಲ್ಲಿಸಿದರೆ ಅದೂ ನಿಲ್ಲುತ್ತದೆ. ಊರಿನವರು ಇದನ್ನು 'ಕರೆಂಟ್ ಸೈಕಲ್' ಅನ್ನುತ್ತಾರೆ. ನನ್ನ ಪ್ರಬಂಧದ ಪದಪಟ್ಟಿಗೆ ಅದನ್ನೂ ಸೇರಿಸಿದ್ದೇನೆ.

ಇಂಥ ಸೈಕಲ್ ಕೈಗೆ ಬಂದ ಮೇಲೆ ಅದನ್ನು ಇದ್ದ ಹಾಗೇ ಬಿಡುವುದು ಕಷ್ಟ. ಪ್ರತಿ ಭಾಗಕ್ಕೂ ಇನ್ನೊಂದು ಉತ್ತಮ ಭಾಗ ಎಲ್ಲೋ ಮಾರಾಟಕ್ಕಿರುತ್ತದೆ. ಫ್ರೆಂಚ್ ಲೇಖಕ ಡಿಡೆರೋ ತನ್ನ ಹಳೆಯ ನಿಲುವಂಗಿಯ ಬಗ್ಗೆ ಬರೆದ ಪ್ರಬಂಧ ನೆನಪಾಗುತ್ತದೆ. ಹೊಸ ಅಂಗಿ ಬಂದಮೇಲೆ ಕೋಣೆಯ ಉಳಿದೆಲ್ಲ ಸಾಮಾನು ಅವನಿಗೆ ಹಳತಾಗಿ ಕಂಡಿತು, ಒಂದೊಂದಾಗಿ ಎಲ್ಲವನ್ನೂ ಬದಲಿಸಿದ. ಇದನ್ನು ಆಸೆಯ ಕುರಿತ ಉಪದೇಶವಾಗಿ ಓದುವುದು ರೂಢಿ. ನನಗೆ ಆ ಉಪದೇಶ ಅಷ್ಟಾಗಿ ರುಚಿಸುವುದಿಲ್ಲ. ಬ್ರೇಕು ಚೆನ್ನಾಗಿರಲಿ ಎಂಬ ಆಸೆಯನ್ನೂ ಹ್ಯಾಂಡಲ್ಲಿಗೆ ಕೆಂಪು ಹಿಡಿ ಬೇಕೆಂಬ ಆಸೆಯನ್ನೂ ಒಂದೇ ತಕ್ಕಡಿಯಲ್ಲಿ ತೂಗುವವರು ಇಳಿಜಾರಿನಲ್ಲಿ ಸೈಕಲ್ ಹೊಡೆದಿರಲಾರರು. ಡಿಡೆರೋನ ಕೋಣೆಯಲ್ಲಿ ಒಂದು ಸಾಮಾನು ಇನ್ನೊಂದನ್ನು ನಾಚಿಸಿತು. ಸೈಕಲ್ಲಿನಲ್ಲಿ ಒಂದು ಭಾಗ ತನ್ನ ಭಾರವನ್ನು ಇನ್ನೊಂದಕ್ಕೆ ದಾಟಿಸುತ್ತದೆ. ಇದು ಬೇರೆಯೇ ವಿಷಯ.

ಬ್ರೇಕನ್ನೇ ನೋಡಿ. ಮುಂದಿನ ಚಕ್ರದಲ್ಲಿ 160 ಮಿಲಿಮೀಟರಿನ ಡಿಸ್ಕ್ ಇತ್ತು. ಅದನ್ನು ತೆಗೆದು 180ರದ್ದು ಹಾಕಿದರೆ, ಪ್ಯಾಡ್ ಅಷ್ಟೇ ಬಲದಲ್ಲಿ ಕಚ್ಚಿದರೂ ಚಕ್ರವನ್ನು ತಡೆಯುವ ಶಕ್ತಿ ಎಂಟನೇ ಒಂದು ಭಾಗದಷ್ಟು ಹೆಚ್ಚುತ್ತದೆ. ಸರಳ ಲೆಕ್ಕ. ಆದರೆ ಆ ಹೆಚ್ಚುವರಿ ಬಲ ಎಲ್ಲೋ ಒಂದು ಕಡೆ ಹೋಗಿ ಕೂರಲೇಬೇಕು. ಅದು ಬ್ರೇಕನ್ನು ಹಿಡಿದಿರುವ ಫೋರ್ಕಿನ ಕಾಲಿಗೆ ಹೋಗುತ್ತದೆ. ಆದ್ದರಿಂದಲೇ ಫೋರ್ಕ್ ಮಾಡುವವರು ಇಷ್ಟಕ್ಕಿಂತ ದೊಡ್ಡ ಡಿಸ್ಕ್ ಬೇಡ ಎಂದು ಮಿತಿ ಹಾಕಿರುತ್ತಾರೆ. ಫೋರ್ಕ್ ತಡೆದುಕೊಂಡರೆ ಬಲ ಟೈರಿಗೆ ಬರುತ್ತದೆ, ಟೈರ್ ಸವೆದಿದ್ದರೆ ಜಲ್ಲಿಕಲ್ಲಿನ ಮೇಲೆ ಜಾರುತ್ತದೆ. ಅಲ್ಲಿಂದ ಮುಂದೆ ಅದು ಬರುವುದು ನನ್ನ ಮೊಣಕೈಗೆ.

ಟೈರಿನದೂ ಇದೇ ಕಥೆ. ನಮ್ಮ ಕಡೆ ಪಂಚರಿಗೆ ಕಾರಣ ಗಾಜಲ್ಲ, ಬಳ್ಳಾರಿ ಜಾಲಿ. ಹೆಸರಿನಲ್ಲೇ ಜಿಲ್ಲೆಯನ್ನು ಹೊತ್ತುಕೊಂಡ ಈ ಗಿಡ ದಕ್ಷಿಣ ಅಮೆರಿಕದ ಕಡೆಯಿಂದ ಬಂದದ್ದು ಎಂಬುದು ತಮಾಷೆ. ಅದರ ಮುಳ್ಳು ಎಂಥ ಟೈರನ್ನೂ ದಾಟಿ ಟ್ಯೂಬು ಮುಟ್ಟುತ್ತದೆ. ಟ್ಯೂಬೇ ಬೇಡವೆಂದು ಒಳಗೆ ಲೇಟೆಕ್ಸ್ ದ್ರವ ಹಾಕಿಸಬಹುದು, ಮುಳ್ಳು ಚುಚ್ಚಿದಲ್ಲಿ ಅದು ತಾನೇ ಹೆಪ್ಪುಗಟ್ಟಿ ತೂತು ಮುಚ್ಚುತ್ತದೆ. ನಮ್ಮ ಏಪ್ರಿಲ್, ಮೇ ತಿಂಗಳ ಬಿಸಿಲಿಗೆ ಆ ದ್ರವ ಬೇಗ ಒಣಗುತ್ತದೆ, ಮತ್ತೆ ಮತ್ತೆ ತರಿಸಬೇಕು. ದಪ್ಪ ಟ್ಯೂಬು ಹಾಕಿ ಅದರ ಮೇಲೆ ಪಟ್ಟಿ ಕೂರಿಸಿದರೆ ಮುಳ್ಳು ನಿಲ್ಲುತ್ತದೆ, ಚಕ್ರ ಭಾರವಾಗುತ್ತದೆ. ಆ ಭಾರವನ್ನು ಮೋಟಾರು ಎಳೆಯುತ್ತದೆ, ಮೋಟಾರಿಗೆ ಬ್ಯಾಟರಿ ಉಣಿಸುತ್ತದೆ. ನಾನು ದಪ್ಪ ಟ್ಯೂಬನ್ನೇ ಆರಿಸಿಕೊಂಡೆ. ಬ್ಯಾಟರಿ ನಾಲ್ಕು ಕಿಲೋಮೀಟರು ಮೊದಲೇ ಮುಗಿದರೆ ತುಳಿದುಕೊಂಡು ಬರಬಹುದು. ಪಂಚರಾದರೆ ಇಪ್ಪತ್ತಕ್ಕೂ ಹೆಚ್ಚು ಕಿಲೋ ತೂಗುವ ಸೈಕಲ್ಲನ್ನು ನೂಕಿಕೊಂಡು ಬರಬೇಕು.

ಚೈನಿನ ಮಾತು ಬಂದರೆ ಮಣ್ಣಿನ ಮಾತು ಬರುತ್ತದೆ. ಬಂಡ್ರಿಯಿಂದ ಸಂಡೂರಿನ ಕಡೆ ಹೋದಂತೆ ನೆಲ ಕೆಂಪಾಗುತ್ತದೆ, ಗಣಿ ರಸ್ತೆಗಳಲ್ಲಿ ಅದು ಹುಡಿಯಾಗಿ ಏಳುತ್ತದೆ. ಆ ಕೆಂಪು ಹುಡಿ ಕಬ್ಬಿಣದ ಅದಿರು, ಹೆಮಟೈಟ್. ಅಕ್ಕಸಾಲಿಗರು ಚಿನ್ನ ಬೆಳ್ಳಿಗೆ ಹೊಳಪು ಕೊಡಲು ಬಳಸುವ ಕೆಂಪು ಪುಡಿಯೂ ಕಬ್ಬಿಣದ ಆಕ್ಸೈಡೇ. ಅಂದರೆ ಅದು ಲೋಹವನ್ನು ಸವೆಸುವ ಪುಡಿ. ಎಣ್ಣೆ ಹಚ್ಚಿದ ಚೈನಿಗೆ ಅದು ಮೆತ್ತಿಕೊಂಡರೆ ಪ್ರತಿ ಕೊಂಡಿಯೊಳಗೂ ಅರೆಯುವ ಕೆಲಸ ಶುರು. ಸಂಡೂರಿನಂಥ ಕಡೆಯಿಂದ ಹೋದ ಅದಿರು ಎಲ್ಲೋ ಉಕ್ಕಾಗಿ, ಉಕ್ಕು ಚೈನಾಗಿ, ಚೈನು ಮತ್ತೆ ಸಂಡೂರಿಗೆ ಬಂದು ಅದಿರಿನಿಂದಲೇ ಸವೆಯುತ್ತದೆ. ಚೈನಿನ 12 ಜೊತೆ ಕೊಂಡಿಗಳು ಹೊಸದರಲ್ಲಿ ಸರಿಯಾಗಿ 12 ಅಂಗುಲ ಇರುತ್ತವೆ. ಅದು ಒಂದು ಅಂಗುಲದ ಹದಿನಾರನೇ ಭಾಗದಷ್ಟು ಬೆಳೆದರೆ ಚೈನು ಬದಲಿಸಬೇಕು. ತಡ ಮಾಡಿದರೆ ಬೆಳೆದ ಚೈನು ಗೇರಿನ ಹಲ್ಲುಗಳನ್ನು ತಿನ್ನುತ್ತದೆ. ಇಲ್ಲಿಯೂ ಅದೇ ನೀತಿ. ಅಗ್ಗದ ಚೈನನ್ನು ಆಗಾಗ ಬಲಿಕೊಟ್ಟರೆ ದುಬಾರಿ ಗೇರು ಉಳಿಯುತ್ತದೆ.

ಹೊಸಪೇಟೆಯಲ್ಲಿ ನನ್ನ ಸೈಕಲ್ ರಿಪೇರಿ ಮಾಡುವ ಚಾಚಾನ ತತ್ವವೂ ಇದೇ. ನಾನು ಒಮ್ಮೆ, "ಚಾಚಾ, ಎಲ್ಲಾ ಗಟ್ಟಿ ಇರೋ ಹಂಗೆ ಮಾಡಿಕೊಡ್ರಿ" ಅಂದಾಗ ಅವರು ನಕ್ಕರು. "ಎಲ್ಲಾ ಗಟ್ಟಿ ಹೆಂಗಾಗ್ತೈತೆ? ಯಾವ್ದಾರಾ ಒಂದು ಮುರೀಲೇಬೇಕು ನೋಡಪ. ಅಗ್ಗದ್ದು ಮುರೀಲಿ, ಸಿಗೋದು ಮುರೀಲಿ." ನಾನು ಓದಿದ ಎಂಜಿನಿಯರಿಂಗ್ ಪುಸ್ತಕಗಳ ಸಾರವೂ ಇದಕ್ಕಿಂತ ಹೆಚ್ಚೇನಿಲ್ಲ. ಮನೆಯ ಫ್ಯೂಸು ಇರುವುದೂ ಹೀಗೇ. ದುರ್ಬಲತೆಯನ್ನು ಇಲ್ಲವಾಗಿಸಲು ಆಗುವುದಿಲ್ಲ, ಅದು ಎಲ್ಲಿರಬೇಕು ಎಂಬುದನ್ನು ಆರಿಸಬಹುದು, ಅಷ್ಟೇ. ಬಿಡಿಭಾಗ ಆರಿಸುವುದೆಂದರೆ ಯಾವುದು ಬಲವಾಗಿರಬೇಕು ಎಂದು ಆರಿಸುವುದು ಅಂದುಕೊಂಡಿರುತ್ತೇವೆ. ನಿಜದಲ್ಲಿ ಯಾವುದು ಮೊದಲು ಸೋಲಬೇಕು ಎಂದು ಆರಿಸುತ್ತಿರುತ್ತೇವೆ.

ಒಂದೊಂದೇ ಭಾಗ ಬದಲಾಗುತ್ತಾ ಹೋದರೆ ಸೈಕಲ್ ಅದೇ ಸೈಕಲ್ಲೇ ಎಂಬ ಪ್ರಶ್ನೆಯನ್ನು ತತ್ವಶಾಸ್ತ್ರದ ತರಗತಿಗಳಲ್ಲಿ ಬಹಳ ಪ್ರೀತಿಯಿಂದ ಕೇಳುತ್ತಾರೆ. ಗ್ರೀಕರಿಗೆ ಥೀಸಿಯಸ್‌ನ ಹಡಗು, ನಮಗೆ 'ಮಿಲಿಂದಪನ್ಹ'ದಲ್ಲಿ ಭಿಕ್ಷು ನಾಗಸೇನ ದೊರೆ ಮಿಲಿಂದನ ಮುಂದಿಟ್ಟ ರಥ: ಅಚ್ಚು ರಥವೇ, ಗಾಲಿ ರಥವೇ, ನೊಗ ರಥವೇ? ಹಂಪಿಯ ಕಲ್ಲಿನ ರಥವನ್ನು ನೋಡಿದವರಿಗೆ ಈ ಪ್ರಶ್ನೆ ಕಣ್ಣೆದುರೇ ನಿಂತಿದೆ. ಈಗ ಅದರ ಮುಂದಿರುವುದು ಆನೆಗಳು. ಮೊದಲಿದ್ದ ಕುದುರೆಗಳ ಹಿಂಗಾಲು, ಬಾಲಗಳ ಗುರುತು ಆನೆಗಳ ಹಿಂದೆ ಇನ್ನೂ ಉಳಿದಿದೆ. 1856ರಲ್ಲಿ ಗ್ರೀನ್‌ಲಾ ತೆಗೆದ ಚಿತ್ರದಲ್ಲಿ ರಥದ ಮೇಲೆ ಇಟ್ಟಿಗೆಯ ಶಿಖರವಿದೆ, ಈಗ ಇಲ್ಲ. ಐವತ್ತು ರೂಪಾಯಿ ನೋಟಿನ ಮೇಲಿರುವುದು ಬಿಡಿಭಾಗ ಬದಲಾದ ರಥ! ಯಾರೂ ಅದನ್ನು ಬೇರೆ ರಥ ಅನ್ನುವುದಿಲ್ಲ. ನನಗೂ ಈ ಗುರುತಿನ ಪ್ರಶ್ನೆ ನಿದ್ದೆ ಕೆಡಿಸಿಲ್ಲ. ನನ್ನ ಪ್ರಶ್ನೆ ಇರುವುದು ಅಚ್ಚಿನ ಕೊನೆಯಲ್ಲಿ.

ಬಂಡಿಯ ಗಾಲಿ ಅಚ್ಚಿನಿಂದ ಕಳಚದಂತೆ ತೂರಿಸುವ ಗೂಟಕ್ಕೆ ಕಡಾಣಿ ಎಂದು ಹೆಸರು. ಕಡಾಣಿಯೂ ಹ್ಯಾಂಗರಿನ ಹಾಗೆ ಸಣ್ಣದು, ಅಗ್ಗದ್ದು. ಹ್ಯಾಂಗರ್ ಮುರಿದರೆ ಸೈಕಲ್ ಉಳಿಯುತ್ತದೆ, ಕಡಾಣಿ ಬಿದ್ದರೆ ಬಂಡಿಯೇ ಉರುಳುತ್ತದೆ. ದಶರಥನ ರಥದ ಕಡಾಣಿ ಯುದ್ಧದ ನಡುವೆ ಬಿದ್ದುಹೋಯಿತಂತೆ. ಕೈಕೇಯಿ ಆ ಜಾಗಕ್ಕೆ ತನ್ನ ಬೆರಳು ಕೊಟ್ಟಳಂತೆ. ಹರಿಕಥೆಗಳಲ್ಲಿ ಕೇಳಿದ ಕಥೆ ಇದು. ಒಂದು ಬಿಡಿಭಾಗದ ಜಾಗದಲ್ಲಿ ಒಬ್ಬ ಹೆಂಗಸಿನ ಬೆರಳು. ನಮ್ಮ ಜಾನಪದದಲ್ಲಿ ಇದರ ಜೊತೆಗಿಟ್ಟು ಓದಬೇಕಾದ ಇನ್ನೊಂದು ಕಥೆ 'ಕೆರೆಗೆ ಹಾರ'. ಕೆರೆ ತೋಡಿಸಿದರೂ ನೀರು ಬಾರದಾಗ ಬಲಿ ಕೊಡಬೇಕೆಂಬ ಮಾತು ಬರುತ್ತದೆ. ಹಿರಿಯ ಸೊಸೆಯ ಹೆಸರು ಬಂದರೆ ಹಿರಿತನದ ಅಡ್ಡಿ. ಲೆಕ್ಕ ಸುತ್ತಿ ಸುತ್ತಿ ಕಿರಿಯ ಸೊಸೆ ಭಾಗೀರಥಿಯ ಮೇಲೆ ನಿಲ್ಲುತ್ತದೆ. ಅಗ್ಗದ್ದು ಮುರಿಯಲಿ. ಅವಳನ್ನು ಯಾರೂ ಕೇಳುವುದಿಲ್ಲ, ಅವಳೂ ಏನೂ ಕೇಳುವುದಿಲ್ಲ. ಕೆರೆ ತುಂಬುತ್ತದೆ.

ಇವೆರಡನ್ನು ಒಟ್ಟಿಗಿಟ್ಟಾಗ ನನಗೆ ಕಂಡದ್ದು ಇದು. ಕೈಕೇಯಿ ತನ್ನ ಬೆರಳಿಗೆ ಬೆಲೆ ಕೇಳಿದಳು, ವರಗಳ ರೂಪದಲ್ಲಿ. ಅವಳನ್ನು ನಾವು ಶತಮಾನಗಳಿಂದ ಬೈದೆವು. ಭಾಗೀರಥಿ ಬೆಲೆ ಕೇಳಲಿಲ್ಲ, ಅವಳನ್ನು ಹಾಡಿದೆವು. ಕೈಕೇಯಿ ಕೇಳಿದ್ದು ನ್ಯಾಯವೇ ಎಂಬುದು ಬೇರೆ ಚರ್ಚೆ. ಆದರೆ ಬಿಡಿಭಾಗವಾದ ಮನುಷ್ಯರು ಬಾಯಿ ಬಿಡಬಾರದು ಎಂಬ ನಿರೀಕ್ಷೆ ಎರಡೂ ಕಡೆ ಒಂದೇ. ಕಾಂಟ್ 1785ರ ತನ್ನ ನೀತಿಶಾಸ್ತ್ರದ ಪುಸ್ತಕದಲ್ಲಿ ಬೆಲೆಗೂ ಘನತೆಗೂ ಗೆರೆ ಎಳೆಯುತ್ತಾನೆ. ಯಾವುದರ ಜಾಗಕ್ಕೆ ಅದಕ್ಕೆ ಸಮನಾದ ಇನ್ನೊಂದನ್ನು ತಂದಿಡಬಹುದೋ ಅದಕ್ಕೆ ಬೆಲೆಯಿದೆ, ಹಾಗೆ ತಂದಿಡಲು ಬಾರದ್ದಕ್ಕೆ ಘನತೆಯಿದೆ ಎಂಬುದು ಅವನ ಮಾತಿನ ಸಾರಾಂಶ. ಅಂಗಡಿಯ ಭಾಷೆಯಲ್ಲಿ ಹೇಳುವುದಾದರೆ, ಸ್ಪೇರ್ ಸಿಗುವಂಥದ್ದು ಸಾಮಾನು, ಸ್ಪೇರ್ ಇಲ್ಲದವರು ಮನುಷ್ಯರು.

ಕೇಳಲು ಚೆನ್ನಾಗಿದೆ. ಆದರೆ ಸಂಡೂರಿನಲ್ಲಿ ನಿಂತು ನೋಡಿದರೆ ಈ ಗೆರೆ ಅಳಿಸಿಹೋಗಿರುವುದು ಕಾಣುತ್ತದೆ. ಈ ಶತಮಾನದ ಮೊದಲ ದಶಕದಲ್ಲಿ ಚೀನಾದ ಬೇಡಿಕೆಯಿಂದ ಅದಿರಿಗೆ ಬಂಗಾರದ ಬೆಲೆ ಬಂದಾಗ ಗುಡ್ಡಗಳು ಸವೆದವು, ಹೊಲಗಳ ಮೇಲೆ ಕೆಂಪು ಧೂಳು ಕೂತಿತು. ಎತ್ತು ಮಾರಿ, ಸಾಲ ಎತ್ತಿ ಲಾರಿ ಕೊಂಡವರು ನಮ್ಮ ಊರುಗಳಲ್ಲೆಲ್ಲ ಇದ್ದರು. ಮಕ್ಕಳು ಅದಿರು ಕುಟ್ಟುವ ಕೆಲಸಕ್ಕೆ ಹೋದರು. 2011ರ ಜುಲೈನಲ್ಲಿ ಲೋಕಾಯುಕ್ತ ಸಂತೋಷ್ ಹೆಗ್ಡೆಯವರ ವರದಿ ಬಂತು, ಅದೇ ತಿಂಗಳ 29ರಂದು ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯಲ್ಲಿ ಗಣಿಗಾರಿಕೆಯನ್ನು ನಿಲ್ಲಿಸಿತು. ಆ ಆದೇಶ ಸರಿಯಾಗಿತ್ತು, ಇನ್ನೂ ಮೊದಲೇ ಬರಬೇಕಿತ್ತು ಎಂದೇ ನನ್ನ ಅಭಿಪ್ರಾಯ. ಆದರೆ ಆ ಬ್ರೇಕು ಬಿದ್ದಾಗ ಮೊದಲು ಮುರಿದದ್ದು ಯಾರು? ಲಾರಿ ಕ್ಲೀನರ್, ಕಂತು ಕಟ್ಟಬೇಕಿದ್ದ ಡ್ರೈವರ್, ರಸ್ತೆ ಬದಿಯ ಪಂಚರ್ ಅಂಗಡಿಯವನು, ಇಡ್ಲಿ ಹೋಟೆಲಿನವಳು. ಚೌಕಟ್ಟು ಉಳಿಯಿತು. 2013ರ ಏಪ್ರಿಲ್‌ನಲ್ಲಿ ಕೋರ್ಟು ಗಣಿಗಳನ್ನು ಎ, ಬಿ, ಸಿ ಎಂದು ವಿಂಗಡಿಸಿ, ತೀರಾ ಅಕ್ರಮದ 'ಸಿ' ಗುಂಪನ್ನು ರದ್ದುಗೊಳಿಸಿ ಉಳಿದವಕ್ಕೆ ಷರತ್ತಿನ ಮೇಲೆ ಅವಕಾಶ ಕೊಟ್ಟಿತು. ಗಣಿಗಳು ತಿರುಗಿ ತೆರೆದವು. ಅಷ್ಟರಲ್ಲಿ ಲಾರಿಗಳನ್ನು ಸಾಲ ಕೊಟ್ಟವರು ಎಳೆದುಕೊಂಡು ಹೋಗಿದ್ದರು.

ಯಾರೋ ಕೂತು 'ಈ ಜನ ಮೊದಲು ಮುರಿಯಲಿ' ಎಂದು ನಕ್ಷೆ ಬರೆದಿರಲಾರರು. ಹ್ಯಾಂಗರಿಗೂ ಇವರಿಗೂ ಇರುವ ವ್ಯತ್ಯಾಸ ಇಲ್ಲಿ ವಿಚಿತ್ರವಾಗಿ ಕಾಣುತ್ತದೆ. ಹ್ಯಾಂಗರನ್ನು ಯಾರೋ ಯೋಚಿಸಿ ಮಾಡಿದ್ದಾರೆ, ಅದರ ಸ್ಪೇರ್ ಎಲ್ಲಿ ಸಿಗುತ್ತದೆಂದು ಬರೆದಿಟ್ಟಿದ್ದಾರೆ. ಆ ಲಾರಿ ಕ್ಲೀನರನ ಬಗ್ಗೆ ಅಷ್ಟೂ ಯೋಚನೆ ನಡೆದಿರಲಿಲ್ಲ.

ಹಾಗಾದರೆ ಭಾರ ಬಂದಾಗ ಒಬ್ಬರು ಮುರಿಯುವುದು ಬಿಟ್ಟು ಬೇರೆ ದಾರಿಯೇ ಇಲ್ಲವೇ? ಇದಕ್ಕೆ ಉತ್ತರದಂಥದ್ದು ನನಗೆ ಸಿಕ್ಕಿದ್ದು ಅದೇ ಸೈಕಲ್ಲಿನ ಹಿಂದಿನ ಚಕ್ರದಲ್ಲಿ. ಮೋಟಾರು ಹಬ್ಬಿನಲ್ಲಿರುವ ಸೈಕಲ್ಲಿನಲ್ಲಿ ಅದರ ಬಲ ಚೈನಿಗೆ ಹೋಗುವುದಿಲ್ಲ, ನೇರವಾಗಿ ಚಕ್ರದ ಕಡ್ಡಿಗಳಿಗೆ ಹೋಗುತ್ತದೆ. ಪೆಡಲಿನ ಬಳಿ ಮೋಟಾರು ಇರುವ ದುಬಾರಿ ಸೈಕಲ್ಲುಗಳಲ್ಲಿ ಚೈನು ಆ ಬಲವನ್ನು ಹೊರುತ್ತದೆ. ನನ್ನದರಲ್ಲಿ 36 ಕಡ್ಡಿಗಳು, ಎರಡು ಮಿಲಿಮೀಟರ್ ದಪ್ಪದವು. ಹಿಂದಿನ ಬೇಸಿಗೆಯಲ್ಲಿ ಒಂದರ ಹಿಂದೊಂದು ಮೂರು ಕಡ್ಡಿ ತುಂಡಾದವು, ಮೂರೂ ಅಕ್ಕಪಕ್ಕದವೇ. ದಪ್ಪ ಕಡ್ಡಿ ಹಾಕಿಸೋಣ, 2.3 ಮಿಲಿಮೀಟರಿನವು, ಎಂದು ಯಾರಿಗೂ ಮೊದಲು ಹೊಳೆಯುತ್ತದೆ. ಚಾಚಾ ಬೇಡ ಅಂದರು. ದಪ್ಪ ಕಡ್ಡಿ ಎಳೆಯುವಾಗ ಒಂದಿಷ್ಟೂ ಬಗ್ಗುವುದಿಲ್ಲ, ಪೆಟ್ಟನ್ನೆಲ್ಲ ರಿಮ್ಮಿನ ತೂತಿಗೆ ದಾಟಿಸುತ್ತದೆ, ರಿಮ್ಮು ಸೀಳುತ್ತದೆ. ಇದಕ್ಕೆ ಬೇರೊಂದು ಕಡ್ಡಿ ಇದೆ. ಎರಡು ತುದಿಯಲ್ಲಿ ದಪ್ಪ, ನಡುವೆ ತೆಳು. ನೋಡಿದರೆ ನಡುವೆಯೇ ಮುರಿಯುತ್ತದೆ ಅನಿಸಬೇಕು. ಆದರೆ ಅದು ಸಾಮಾನ್ಯ ಕಡ್ಡಿಗಿಂತ ಹೆಚ್ಚು ಬಾಳುತ್ತದೆ. ತೆಳುವಾದ ನಡು ಒಂದು ಕೂದಲೆಳೆಯಷ್ಟು ಹಿಗ್ಗುವುದರಿಂದ ಪೆಟ್ಟು ಒಂದೇ ಕಡ್ಡಿಯ ಕುತ್ತಿಗೆಯಲ್ಲಿ ನಿಲ್ಲದೆ ಅಕ್ಕಪಕ್ಕದವುಗಳಿಗೆ ಹಂಚಿಹೋಗುತ್ತದೆ.

ಚಕ್ರ ಭಾರ ಹೊರುವ ರೀತಿಯೇ ಸೋಜಿಗದ್ದು. ಕಡ್ಡಿಗಳು ಕಂಬಗಳ ಹಾಗೆ ನಿಂತು ಹೊರುವುದಿಲ್ಲ. ಎಲ್ಲವೂ ಬಿಗಿಯಾಗಿ ಎಳೆದುಕೊಂಡಿರುತ್ತವೆ, ನೆಲದ ಬಳಿ ಬಂದ ಕಡ್ಡಿಗಳ ಬಿಗಿ ಒಂದು ಕ್ಷಣ ಸಡಿಲಗೊಂಡು ಮೇಲೆ ಹೋದಾಗ ಮರಳುತ್ತದೆ. ಪ್ರತಿ ಸುತ್ತಿನಲ್ಲೂ ಪ್ರತಿ ಕಡ್ಡಿಗೂ ಸರದಿ ಬರುತ್ತದೆ, ಹೋಗುತ್ತದೆ. ಒಂದು ಕಡ್ಡಿ ಸದಾ ಸಡಿಲವಾಗಿದ್ದರೆ ಅದು ಸುಖವಾಗಿದೆ ಎಂದಲ್ಲ, ಅದರ ಪಾಲನ್ನೂ ಪಕ್ಕದವು ಹೊರುತ್ತಿವೆ ಎಂದು. ನನ್ನ ಮೂರು ಕಡ್ಡಿಗಳು ಅಕ್ಕಪಕ್ಕದಲ್ಲೇ ಮುರಿದದ್ದು ಹೀಗೆ. ನಮ್ಮ ಕಡೆ ಹೊಲದ ಕೆಲಸದಲ್ಲಿ ಮುಯ್ಯಾಳು ಎಂಬ ಪದ್ಧತಿಯಿತ್ತು. ಇವತ್ತು ನಿಮ್ಮ ಹೊಲಕ್ಕೆ ನಾವು, ನಾಳೆ ನಮ್ಮ ಹೊಲಕ್ಕೆ ನೀವು. ಇದನ್ನು ಹೊಗಳುವಾಗ ಎಚ್ಚರವಿರಬೇಕು, ಹೊಲವೇ ಇಲ್ಲದವರಿಗೆ ಮುಯ್ಯಿ ಇರಲಿಲ್ಲ, ಕೂಲಿ ಮಾತ್ರ ಇತ್ತು. ಸರದಿಯ ವೃತ್ತದೊಳಗೆ ಯಾರಿದ್ದಾರೆ ಎಂಬುದು ಯಾವಾಗಲೂ ಕೇಳಬೇಕಾದ ಪ್ರಶ್ನೆ. ಆದರೂ ಭಾರಕ್ಕೆ ಎರಡು ವ್ಯವಸ್ಥೆ ಸಾಧ್ಯ ಎಂಬುದನ್ನು ಆ ಚಕ್ರ ನನಗೆ ತೋರಿಸಿತು: ಒಬ್ಬರು ಮುರಿದು ಉಳಿದವರು ಉಳಿಯುವುದು, ಎಲ್ಲರೂ ಒಂದಿಷ್ಟು ಬಗ್ಗಿ ಯಾರೂ ಮುರಿಯದಿರುವುದು. ಎಲ್ಲ ಪೆಟ್ಟನ್ನೂ ಹೀಗೆ ಹಂಚಿಕೊಳ್ಳಲಾಗದು, ಬಂಡೆಗೆ ಬಡಿದ ಡಿರೇಲರಿಗೆ 36 ಕಡ್ಡಿಗಳಿಂದ ಉಪಯೋಗವಿಲ್ಲ. ಅಲ್ಲಿ ಹ್ಯಾಂಗರೇ ಬೇಕು. ಆ ಜಾಗದಲ್ಲಿ ಅಲ್ಯೂಮಿನಿಯಂ ಇರಬೇಕು, ಬೆರಳಲ್ಲ.

ಈಗ ನನ್ನನ್ನು ಹೆಚ್ಚು ಎಳೆದಾಡಿದ ಅಪ್‌ಗ್ರೇಡಿನ ಬಗ್ಗೆ. (ಈ ಪದಕ್ಕೆ ಸರ್ಕಾರಿ ಕನ್ನಡದಲ್ಲಿ 'ಉನ್ನತೀಕರಣ' ಎಂದಿದೆ. ನನ್ನ ಮಾಹಿತಿದಾರರಲ್ಲಿ ಒಬ್ಬರೂ ಅದನ್ನು ಬಳಸಲಿಲ್ಲ. ಅವರಿಗೆ ಇರುವುದು 'ರಿಪೇರಿ' ಮತ್ತು 'ಬದಲಿ'.) ಬ್ಯಾಟರಿಯಿಂದ ಮೋಟಾರಿಗೆ ಎಷ್ಟು ಕರೆಂಟು ಹೋಗಬೇಕೆಂದು ಅಳೆದು ಬಿಡುವ ಪೆಟ್ಟಿಗೆಗೆ ಕಂಟ್ರೋಲರ್ ಎನ್ನುತ್ತಾರೆ. ನನ್ನದು 15 ಆಂಪಿಯರಿನದು. 22ರದ್ದು ಹಾಕಿ ವೇಗದ ಮಿತಿಯನ್ನು ತೆಗೆದರೆ ಇದೇ ಸೈಕಲ್ ಏರಿನಲ್ಲಿ ಹಾರುತ್ತದೆ. ಎಳೆಯುವ ವಿದ್ಯುತ್ತು 540 ವ್ಯಾಟಿನಿಂದ 792ಕ್ಕೆ ಏರುತ್ತದೆ. ಖರ್ಚೂ ಹೆಚ್ಚಿಲ್ಲ. ಕೇಂದ್ರ ಮೋಟಾರು ವಾಹನ ನಿಯಮಗಳ ಪ್ರಕಾರ ಮೋಟಾರು 250 ವ್ಯಾಟಿನೊಳಗೆ, ವೇಗ ಗಂಟೆಗೆ 25 ಕಿಲೋಮೀಟರಿನೊಳಗೆ ಇದ್ದರೆ ಮಾತ್ರ ಇದು ಲೈಸೆನ್ಸು, ನೋಂದಣಿ ಬೇಡದ ಗಾಡಿ. ಕಾನೂನನ್ನು ಬದಿಗಿಟ್ಟೇ ಯೋಚಿಸಿದೆ. ಹೆಚ್ಚಿದ ಬಲ ಕಡ್ಡಿಗೆ ಹೋಗುತ್ತದೆ, ಅಚ್ಚನ್ನು ಹಿಡಿದಿರುವ ಚೌಕಟ್ಟಿನ ಸೀಳಿಗೆ ಹೋಗುತ್ತದೆ, ಬ್ಯಾಟರಿ ಬಿಸಿಯಾಗುತ್ತದೆ. ಇವೆಲ್ಲ ನನ್ನ ಸಾಮಾನುಗಳು, ಮುರಿದರೆ ನನ್ನ ಖರ್ಚು. ಆದರೆ ಇಲ್ಲಿಗೆ ಮುಗಿಯುವುದಿಲ್ಲ. ಸಂಜೆ ಶಾಲೆ ಬಿಟ್ಟಾಗ ರಸ್ತೆ ದಾಟುವ ಮಕ್ಕಳು ಬರುವ ವಾಹನವನ್ನು ಒಮ್ಮೆ ನೋಡಿ ಅಂದಾಜು ಮಾಡುತ್ತಾರೆ: ಲಾರಿ, ನಿಲ್ಲೋಣ, ಸೈಕಲ್ಲು, ದಾಟೋಣ. ಸದ್ದಿಲ್ಲದೆ ನಲವತ್ತರ ವೇಗದಲ್ಲಿ ಬರುವ ಸೈಕಲ್ ಆ ಅಂದಾಜನ್ನೇ ಸುಳ್ಳು ಮಾಡುತ್ತದೆ. ನನ್ನ ಸೈಕಲ್ಲಿನ ಅತ್ಯಂತ ದುರ್ಬಲ ಭಾಗ ಆಗ ಸೈಕಲ್ಲಿನಲ್ಲೇ ಇರುವುದಿಲ್ಲ, ರಸ್ತೆಯ ಮಧ್ಯದಲ್ಲಿ ಸ್ಕೂಲ್ ಬ್ಯಾಗ್ ಹಾಕಿಕೊಂಡು ನಿಂತಿರುತ್ತದೆ. ಕಂಟ್ರೋಲರ್ ಬದಲಿಸಲಿಲ್ಲ. ದೇವಗಿರಿಯ ಏರಿನಲ್ಲಿ ಈಗಲೂ ಬೆವರುತ್ತೇನೆ.

ಬ್ಯಾಟರಿಯದು ಇಷ್ಟು ಸುಲಭವಾಗಿ ಬಗೆಹರಿಯಲಿಲ್ಲ. ನನ್ನದು ಹಳತಾಗಿ, ತುಂಬ ಚಾರ್ಜಿಗೂ ಅರ್ಧ ದಾರಿಯಷ್ಟೇ ಬರುತ್ತಿತ್ತು. ಬೆರಳುದ್ದದ ಸೆಲ್ಲುಗಳನ್ನು ಹತ್ತತ್ತು ಸಾಲಾಗಿ ಜೋಡಿಸಿದ ಇಂಥ ಪ್ಯಾಕುಗಳಲ್ಲಿ ಸಾಮಾನ್ಯವಾಗಿ ಕೋಬಾಲ್ಟ್ ಇರುತ್ತದೆ. ಜಗತ್ತಿನ ಅರ್ಧಕ್ಕಿಂತ ಹೆಚ್ಚು ಕೋಬಾಲ್ಟ್ ಕಾಂಗೋ ಪ್ರಜಾಸತ್ತಾತ್ಮಕ ಗಣರಾಜ್ಯದಿಂದ ಬರುತ್ತದೆ, ಅಲ್ಲಿ ಕೈಯಿಂದ ಅಗೆಯುವ ಗಣಿಗಳಲ್ಲಿ ಮಕ್ಕಳೂ ದುಡಿಯುತ್ತಾರೆಂದು ಆಮ್ನೆಸ್ಟಿ ಇಂಟರ್‌ನ್ಯಾಷನಲ್ 2016ರಲ್ಲಿ ವರದಿ ಮಾಡಿತು. ಅದಿರು ಕುಟ್ಟುವ ಮಕ್ಕಳನ್ನು ಕಂಡ ತಾಲ್ಲೂಕಿನವನಿಗೆ ಕಾಂಗೋ ಬಹಳ ದೂರದ ದೇಶವೇನಲ್ಲ. ಕಬ್ಬಿಣ-ಫಾಸ್ಫೇಟಿನ ಇನ್ನೊಂದು ಬಗೆಯ ಬ್ಯಾಟರಿ ಸಿಗುತ್ತದೆ. ಅದರಲ್ಲಿ ಕೋಬಾಲ್ಟ್ ಇಲ್ಲ, ಬಿಸಿಲನ್ನು ಹೆಚ್ಚು ತಾಳುತ್ತದೆ, ಹೆಚ್ಚು ಸಲ ಚಾರ್ಜ್ ಮಾಡಬಹುದು. ಅಷ್ಟೇ ಶಕ್ತಿಗೆ ತೂಕ ಹೆಚ್ಚು, ಗಾತ್ರವೂ ಹೆಚ್ಚು, ಚೌಕಟ್ಟಿನೊಳಗೆ ಕೂರುವುದಿಲ್ಲ, ಹಿಂದಿನ ಕ್ಯಾರಿಯರಿಗೆ ಕಟ್ಟಬೇಕು. ಬಿಡಿಭಾಗಗಳ ಅಂಗಡಿಯ ಲೆಕ್ಕದಲ್ಲಿ ಇದು ಹಿಂದಕ್ಕೆ ಹೋದ ಹಾಗೆ. ನಾನು ಅದನ್ನೇ ಹಾಕಿಸಿದೆ. ತೂಕ ಕಾಲಿಗೆ ಗೊತ್ತಾಗುತ್ತದೆ, ಆ ತೂಕ ಇಲ್ಲೇ ನನ್ನ ಕಾಲಿನಲ್ಲೇ ಉಳಿಯುವುದು ನನಗೆ ಒಪ್ಪಿಗೆ. ಲಿಥಿಯಂ, ತಾಮ್ರಗಳ ಹಿಂದೆ ಯಾರ ಬೆರಳಿದೆಯೋ, ಅದು ನನ್ನ ಕಣ್ಣಿಗೆ ಕಾಣದು.

ಉಳಿದದ್ದು ಹಳೆಯ ಬ್ಯಾಟರಿ. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರ ಹಳೆಯದನ್ನು ವಾಪಸು ಪಡೆದು ಮರುಬಳಕೆಗೆ ಕಳಿಸುವ ಹೊಣೆ ಅದನ್ನು ಮಾರುಕಟ್ಟೆಗೆ ತಂದವರದು. ಬಂಡ್ರಿಗೆ ಅದನ್ನು ಕೇಳಿಕೊಂಡು ಬಂದದ್ದು ತಳ್ಳುಗಾಡಿಯ ಗುಜರಿಯವನೊಬ್ಬನೇ. "ಕೆಜಿ ಲೆಕ್ಕದಾಗೆ ತಗಂತೀನಣ್ಣ" ಅಂದ. ತಗೊಂಡು ಏನು ಮಾಡುತ್ತೀ ಎಂದಾಗ ಗಾಡಿಯ ಹಿಂದೆ ನಿಂತಿದ್ದ ಹನ್ನೆರಡು ಹದಿಮೂರರ ಹುಡುಗನ ಕಡೆ ಕೈ ತೋರಿಸಿದ. "ಅವ್ನೇ ಬಿಚ್ತಾನೆ, ಉಳಿ ಹಚ್ಚಿ." ಒಳಗೆ ಚಾರ್ಜ್ ಉಳಿದಿರುವ ಲಿಥಿಯಂ ಸೆಲ್ಲಿಗೆ ಉಳಿ ಇಟ್ಟರೆ ಏನಾಗುತ್ತದೆ ಎಂದು ಇಬ್ಬರಿಗೂ ಹೇಳಿದೆ. ಹುಡುಗ ಕುತೂಹಲದಿಂದ ಕೇಳಿಸಿಕೊಂಡ. ಅಪ್ಪನಿಗೆ ತಡವಾಗುತ್ತಿತ್ತು.

ಬ್ಯಾಟರಿ ಈಗ ಹಿತ್ತಲಿನಲ್ಲಿ, ಮರಳು ತುಂಬಿದ ಪೇಂಟ್ ಡಬ್ಬಿಯಲ್ಲಿದೆ. ಅದನ್ನು ತೆಗೆದುಕೊಳ್ಳುವ ಕೇಂದ್ರ ಬೆಂಗಳೂರಿನಲ್ಲಿದೆಯಂತೆ. ಮುಂದಿನ ತಿಂಗಳು ಅಲ್ಲಿ ಒಂದು ವಿಚಾರ ಸಂಕಿರಣವಿದೆ, ಹೊಸಪೇಟೆಯಿಂದ ರಾತ್ರಿಯ ಹಂಪಿ ಎಕ್ಸ್‌ಪ್ರೆಸ್‌ಗೆ ಟಿಕೆಟ್ ಕೂಡ ಆಗಿದೆ. ಬ್ಯಾಟರಿಯನ್ನೂ ಬ್ಯಾಗಿನಲ್ಲಿ ಹಾಕಿಕೊಂಡು ಹೋಗಬಹುದು. ಆದರೆ ಆ ಬೋಗಿಯಲ್ಲಿ ಎಪ್ಪತ್ತೆಂಬತ್ತು ಜನ ಮಲಗಿರುತ್ತಾರೆ, ಅವರಲ್ಲಿ ಒಬ್ಬರ ಸೀಟಿನ ಕೆಳಗೆ ಅದನ್ನು ಇಡಬೇಕಾಗುತ್ತದೆ.